ಎರಡು ಔಷಧಿಗೂ ಫಿಟ್ಸ್ ನಿಲ್ಲದಿದ್ದರೆ ಸುಮ್ನೆ ಕಾಯಬೇಡಿ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆ ಎಷ್ಟೋ ಮನೆಗಳಲ್ಲಿ ಫಿಟ್ಸ್ ಇರುವವರಿದ್ದಾರೆ. ವರ್ಷಗಟ್ಟಲೆ ಮಾತ್ರೆ ಬದಲಾಗುತ್ತಲೇ ಇರುತ್ತದೆ, ಫಿಟ್ಸ್ ಬರುತ್ತಲೇ ಇರುತ್ತದೆ. "ಅವಳಿಗೆ ಅದು ಹಾಗೇ" ಎಂದು ಮನೆಯವರೂ ಒಪ್ಪಿಕೊಂಡುಬಿಡುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲಿಯೇ.

ಅಪಸ್ಮಾರ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಔಷಧಿಯಿಂದ ಪೂರ್ತಿ ಹತೋಟಿ ಸಿಗುವುದಿಲ್ಲ. ಸರಿಯಾಗಿ ಆರಿಸಿದ ಎರಡು ಔಷಧಿಗಳನ್ನು ಸಾಕಷ್ಟು ಪ್ರಮಾಣದಲ್ಲಿ ತಪ್ಪದೆ ತೆಗೆದುಕೊಂಡರೂ ನಿಲ್ಲದಿದ್ದರೆ, ಅದು ಔಷಧಿಗೆ ಬಗ್ಗದ ಅಪಸ್ಮಾರ. ಆಮೇಲೆ ಮೂರನೆಯದೋ ನಾಲ್ಕನೆಯದೋ ಫಿಟ್ಸನ್ನು ಪೂರ್ತಿ ನಿಲ್ಲಿಸುವ ಸಾಧ್ಯತೆ ತುಂಬಾ ಕಡಿಮೆ. ಅಪಸ್ಮಾರಕ್ಕೆಂದೇ ಇರುವ ಕೇಂದ್ರಕ್ಕೆ ಹೋಗಬೇಕಾದ ಹೊತ್ತು ಅದೇ.

ನನ್ನ ಚಿಕ್ಕಮ್ಮನ ಮಗಳು ಮಾತಿನ ಮಧ್ಯೆ ಥಟ್ಟನೆ ನಿಂತು ಒಂದೇ ಕಡೆ ನೋಡುತ್ತಿದ್ದಳು. ತುಟಿ ಚಪ್ಪರಿಸುತ್ತಾ ಶಾಲಿನ ತುದಿ ಹಿಂಡುತ್ತಿದ್ದಳು. ಕೈಕಾಲು ಬಡಿಯದ ಕಾರಣ ಊರವರಿಗೆ ಅದು ಫಿಟ್ಸ್ ಅಲ್ಲ, ದೆವ್ವದ ಸೋಂಕು. ಇಂಥ ಫಿಟ್ಸ್ ಸಾಮಾನ್ಯವಾಗಿ ಕಿವಿಯ ಮೇಲಿನ ಮೆದುಳಿನ ಭಾಗದಿಂದ ಹುಟ್ಟುತ್ತದೆ. ಕೆಲವರಿಗೆ ಚಿಕ್ಕಂದಿನಲ್ಲಿ ಜ್ವರದ ಜೊತೆ ತುಂಬಾ ಹೊತ್ತು ಫಿಟ್ಸ್ ಬಂದಿರುತ್ತದೆ. ಎಂಆರ್‌ಐಯಲ್ಲಿ ಗಾಯದ ಕಲೆ ಕಂಡು, ವಿಡಿಯೋ ಇಇಜಿಯಲ್ಲೂ (ವಿಡಿಯೋ ತೆಗೆಯುತ್ತಲೇ ಮೆದುಳಿನ ವಿದ್ಯುತ್ ಅಲೆ ದಾಖಲಿಸುವ ಪರೀಕ್ಷೆ) ಫಿಟ್ಸ್ ಅಲ್ಲಿಂದಲೇ ಹೊರಡುತ್ತದೆ ಎಂದು ಖಾತ್ರಿಯಾದರೆ ಆ ಭಾಗ ತೆಗೆಯುವ ಆಪರೇಷನ್ ಮಾಡಬಹುದು.

"ತಲೆ ಕೊಯ್ಯುದಾ? ಬೇಡ ಮಾರಾಯ್ತಿ" ಎಂದರು ದೊಡ್ಡಮ್ಮ. ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ನೆನಪಿನ ಶಕ್ತಿಗೆ, ಮಾತಿಗೆ ತೊಂದರೆ ಆಗುತ್ತದಾ ಎಂದು ಕೇಳಲೇಬೇಕು. ಆದರೆ ಫಿಟ್ಸನ್ನು ಹಾಗೇ ಬಿಡುವುದರಲ್ಲಿ ಅಪಾಯ ಇಲ್ವಾ? ಮನೆಗೊಂದು ಬಾವಿ, ತೋಟಕ್ಕೊಂದು ಕೆರೆ ಇರುವ ಊರು ನಮ್ಮದು. ನಿದ್ದೆಯಲ್ಲೇ ಫಿಟ್ಸ್ ಬಂದು ಜೀವ ಹೋಗುವುದೂ ಉಂಟು. ಕೆನಡಾದಲ್ಲಿ ಮಾಡಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆಪರೇಷನ್ನಿಗೆ ಆಯ್ಕೆಯಾದವರ ಪೈಕಿ ಶೇ. 58 ಮಂದಿಗೆ ಒಂದು ವರ್ಷದ ಕೊನೆಗೆ ಪ್ರಜ್ಞೆ ತಪ್ಪಿಸುವ ಫಿಟ್ಸ್ ಇರಲಿಲ್ಲ. ಬರೀ ಔಷಧಿಯಲ್ಲಿ ಉಳಿದವರಲ್ಲಿ ಅದು ಶೇ. 8.

ತಿರುವನಂತಪುರದ ಶ್ರೀ ಚಿತ್ರಾ ಆಸ್ಪತ್ರೆಯಲ್ಲಿ 1995ರಿಂದ ಈ ಆಪರೇಷನ್ ನಡೆಯುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದೆ.

ಎಲ್ಲರಿಗೂ ಆಪರೇಷನ್ ಆಗುವುದಿಲ್ಲ, ನಿಜ. ಮಕ್ಕಳಿಗೆ ಕೊಬ್ಬು ಜಾಸ್ತಿ, ಅನ್ನ-ಸಕ್ಕರೆ ತೀರಾ ಕಡಿಮೆ ಇರುವ ಪಥ್ಯ ಇದೆ. ಅದು ಡಾಕ್ಟರ ಕಣ್ಣೆದುರೇ ನಡೆಯಬೇಕು. ಕುತ್ತಿಗೆಯ ನರಕ್ಕೆ ಜೋಡಿಸುವ ಉಪಕರಣವೂ ಇದೆ. ಕೆಲವೊಮ್ಮೆ ಔಷಧಿಯ ಆಯ್ಕೆಯೇ ತಪ್ಪಿರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಕೈ ಜಗ್ಗುವ ಬಗೆಯ ಫಿಟ್ಸಿಗೆ ಕಾರ್ಬಮಜೆಪಿನ್ ಎಂಬ ಮಾತ್ರೆ ಕೊಟ್ಟರೆ ಅದು ಇನ್ನೂ ಹೆಚ್ಚಾಗಬಹುದು. ಎಣ್ಮಕಜೆಯಲ್ಲಿ ಎಂಡೋಸಲ್ಫಾನ್ ಕೀಟನಾಶಕದಿಂದ ನಲುಗಿದ ಮನೆಗಳಲ್ಲಿ ಫಿಟ್ಸ್ ಜೊತೆ ಬದುಕುತ್ತಿರುವ ಮಕ್ಕಳಿಗೂ ಈ ಮರುಪರೀಕ್ಷೆ ಸಿಗಲೇಬೇಕು. ಪಿಂಚಣಿ ಕೊಟ್ಟರೆ ಮುಗಿಯಿತು ಅಂತಲ್ಲ.

ಹೋಗುವಾಗ ಹಳೆಯ ಚೀಟಿಗಳನ್ನೆಲ್ಲ ಕಟ್ಟಿಕೊಳ್ಳಿ. ಯಾವ ಮಾತ್ರೆ, ಎಷ್ಟು, ಯಾಕೆ ಬಿಟ್ಟದ್ದು ಎಂದು ಬರೆದಿಡಿ. ಫಿಟ್ಸ್ ಬಂದಾಗ ಒಬ್ಬರು ಪಕ್ಕಕ್ಕೆ ಮಲಗಿಸಿ ನೋಡಿಕೊಳ್ಳಲಿ, ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೋ ತೆಗೆಯಲಿ. ಕೈಗೆ ಕಬ್ಬಿಣ, ಬಾಯಿಗೆ ಚಮಚ ಎರಡೂ ಬೇಡ. ಐದು ನಿಮಿಷ ದಾಟಿದರೆ ನೇರ ಆಸ್ಪತ್ರೆಗೆ. ದೊಡ್ಡ ಕೇಂದ್ರದಲ್ಲಿ ತೋರಿಸುವವರೆಗೆ ಈಗಿನ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.