ಕ್ಯಾಮೆರಾ ಬರುವ ಮುನ್ನವೇ ಮುಗಿದುಹೋಗುವ ಜೂನೋ

ಗ್ರ್ಯಾಮಿ ಪ್ರಶಸ್ತಿಗಳ ಬಗ್ಗೆ ಕನ್ನಡದಲ್ಲಿ ಪ್ರತಿವರ್ಷ ಒಂದಷ್ಟು ಬರಹಗಳು ಬರುತ್ತವೆ. ಅಮೆರಿಕದ ಗಡಿಯ ಆಚೆಗಿರುವ ಕೆನಡಾದ ಜೂನೋ ಪ್ರಶಸ್ತಿಗಳ ಹೆಸರನ್ನು ಎತ್ತುವವರು ತೀರಾ ಕಡಿಮೆ. ಆದರೆ ಒಂದು ದೇಶ ತನ್ನ ಜನಪ್ರಿಯ ಸಂಗೀತವನ್ನು ಟಿವಿಯ ಮುಂದೆ ಹೇಗೆ ನಿಲ್ಲಿಸಿಕೊಳ್ಳುತ್ತದೆ ಎಂಬುದನ್ನು ತಿಳಿಯಬೇಕಾದರೆ ನನ್ನ ಪ್ರಕಾರ ಗ್ರ್ಯಾಮಿಗಿಂತ ಜೂನೋವನ್ನೇ ನೋಡಬೇಕು. ಅಲ್ಲಿ ಈಗ ನಲವತ್ತಕ್ಕೂ ಹೆಚ್ಚು ವಿಭಾಗಗಳಿವೆ. ಭಾನುವಾರ ರಾತ್ರಿಯ ನೇರಪ್ರಸಾರದಲ್ಲಿ ಜನ ಕಾಣುವುದು ಅವುಗಳಲ್ಲಿ ಬೆರಳೆಣಿಕೆಯಷ್ಟನ್ನು ಮಾತ್ರ. ಉಳಿದವನ್ನೆಲ್ಲ ಹಿಂದಿನ ದಿನವೇ, ಉದ್ಯಮದವರೇ ತುಂಬಿರುವ ಸಭಾಂಗಣದಲ್ಲಿ, ಒಂದರ ಹಿಂದೊಂದರಂತೆ ಕೊಟ್ಟು ಮುಗಿಸಿರುತ್ತಾರೆ. ಪ್ರಶಸ್ತಿ ಯಾರಿಗೆ ಬಂತು ಎಂಬುದರ ಮೇಲೆ ಪ್ರತಿವರ್ಷ ಜಗಳವಾಗುತ್ತದೆ. ಯಾವ ಪ್ರಶಸ್ತಿಯನ್ನು ತೋರಿಸಿದರು, ಯಾವುದನ್ನು ತೋರಿಸಲಿಲ್ಲ ಎಂಬುದೇ ಅದಕ್ಕಿಂತ ದೊಡ್ಡ ತೀರ್ಪು ಎಂದು ನಾನು ಭಾವಿಸುತ್ತೇನೆ. ಆ ತೀರ್ಪನ್ನು ಕೊಡುವುದಕ್ಕೆ ಜೂನೋ ಕೊಡುವ ಅಕಾಡೆಮಿಯ ಸದಸ್ಯರ ಮತದಾನವೂ ಇಲ್ಲ, ತೀರ್ಪುಗಾರರ ಮಂಡಳಿಯೂ ಇಲ್ಲ.

ಈ ಪ್ರಶಸ್ತಿಯ ಹುಟ್ಟನ್ನು ಸ್ವಲ್ಪ ನೋಡಬೇಕು. ವಾಲ್ಟ್ ಗ್ರೀಲಿಸ್ 1964ರಲ್ಲಿ ಆರಂಭಿಸಿದ 'ಆರ್‌ಪಿಎಂ' ಎಂಬ ಸಂಗೀತೋದ್ಯಮದ ಪತ್ರಿಕೆ ತನ್ನ ಓದುಗರ ಅಭಿಪ್ರಾಯ ಸಂಗ್ರಹಿಸಿ ವರ್ಷದ ಕಲಾವಿದರನ್ನು ಘೋಷಿಸುತ್ತಿತ್ತು. 1970ರ ಫೆಬ್ರವರಿಯಲ್ಲಿ ಟೊರೊಂಟೊದ ಸೇಂಟ್ ಲಾರೆನ್ಸ್ ಹಾಲ್‌ನಲ್ಲಿ ಅದು ಮೊದಲ ಬಾರಿಗೆ ಸಮಾರಂಭದ ರೂಪ ಪಡೆಯಿತು. ಪ್ರಸಾರ ನಿಯಂತ್ರಣ ಆಯೋಗದ ಮೊದಲ ಅಧ್ಯಕ್ಷರಾದ ಪಿಯೇರ್ ಜೂನೋ ಅವರ ಗೌರವಾರ್ಥ ಪ್ರಶಸ್ತಿಗೆ ಈಗಿನ ಹೆಸರು ಬಂತು. ಹಾಡುಗಾರರ ಪ್ರಶಸ್ತಿಗೆ ಒಬ್ಬ ಅಧಿಕಾರಿಯ ಹೆಸರೇ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಆ ಅಧಿಕಾರಿಯ ಕಾಲದಲ್ಲಿ ನಡೆದ ಕೆಲಸ ಅಂಥದ್ದು. 1971ರ ಜನವರಿಯಿಂದ ಎಎಂ ರೇಡಿಯೋ ಕೇಂದ್ರಗಳು ಪ್ರಸಾರ ಮಾಡುವ ಹಾಡುಗಳಲ್ಲಿ ಶೇ. 30ರಷ್ಟಾದರೂ ಕೆನಡಾದವೇ ಆಗಿರಬೇಕೆಂಬ ನಿಯಮ ಜಾರಿಗೆ ಬಂತು. ಸಂಗೀತ ಸಂಯೋಜನೆ, ಕಲಾವಿದ, ಧ್ವನಿಮುದ್ರಣ, ಸಾಹಿತ್ಯ, ಈ ನಾಲ್ಕರಲ್ಲಿ ಕನಿಷ್ಠ ಎರಡು ಕೆನಡಾಕ್ಕೆ ಸೇರಿದ್ದರೆ ಹಾಡು ಕೆನಡಾದ್ದು ಎಂಬುದು ಅದರ ಅಳತೆ. ಈ ಅಳತೆ ಕೆಲವೊಮ್ಮೆ ನಗೆಪಾಟಲಿಗೂ ಈಡಾಗಿದೆ. 1991ರಲ್ಲಿ ಜಗತ್ತಿನಾದ್ಯಂತ ಮಾರಾಟವಾದ ಕೆನಡಾದವರೇ ಆದ ಗಾಯಕ ಬ್ರಯಾನ್ ಆಡಮ್ಸ್ ಅವರ ಹಾಡುಗಳನ್ನು ವಿದೇಶಿ ನಿರ್ಮಾಪಕರೊಬ್ಬರ ಜೊತೆ ಕೂಡಿ ಬರೆಯಲಾಗಿತ್ತು ಎಂಬ ಕಾರಣಕ್ಕೆ ಅವು ಕೆನಡಾದ ಹಾಡುಗಳ ಲೆಕ್ಕಕ್ಕೆ ಬರಲಿಲ್ಲ. ಆಡಮ್ಸ್ ಬಹಿರಂಗವಾಗಿ ಸಿಡಿದೆದ್ದರು, ಕೊನೆಗೆ ನಿಯಮವನ್ನೇ ಸಡಿಲಿಸಬೇಕಾಯಿತು. ಹಾಗಿದ್ದರೂ ನಿಯಮದ ಹಿಂದಿನ ತಿಳಿವಳಿಕೆ ಸರಿಯಾಗಿಯೇ ಇತ್ತು. ಪಕ್ಕದಲ್ಲಿ ಅಮೆರಿಕದಂಥ ಮಾರುಕಟ್ಟೆ ಇರುವಾಗ, ಜನ ಇಷ್ಟಪಟ್ಟದ್ದನ್ನೇ ಹಾಕುತ್ತೇವೆ ಎಂದು ರೇಡಿಯೋದವರು ಕೈಚೆಲ್ಲಿದರೆ, ಜನರಿಗೆ ಇಷ್ಟಪಡುವುದಕ್ಕೆ ತಮ್ಮದೇ ಹಾಡೊಂದು ಕಿವಿಗೆ ಬೀಳುವುದೇ ಇಲ್ಲ. ಮೊದಲು ಕೇಳಿಸಬೇಕು, ಇಷ್ಟ ಆಮೇಲೆ ಹುಟ್ಟುತ್ತದೆ.

1975ರಲ್ಲಿ ಸಿಬಿಸಿ ವಾಹಿನಿ ಜೂನೋವನ್ನು ಮೊದಲ ಬಾರಿ ಟಿವಿಗೆ ತಂದಿತು. ಅಂದು ಗಾಯಕ ಪಾಲ್ ಆಂಕಾ ನಿರೂಪಕರಾಗಿದ್ದರು. ರೇಡಿಯೋಗೆ ಹೇಳಿದ ಮಾತನ್ನು ಟಿವಿಗೆ ಹೇಳುವುದನ್ನು ಎಲ್ಲರೂ ಮರೆತದ್ದು ಅಲ್ಲಿಂದಲೇ ಎಂದು ನನ್ನ ಗುಮಾನಿ. ಯಾವ ವಾದದ ಬಲದಿಂದ ಕೆನಡಾದ ಹಾಡಿಗೆ ರೇಡಿಯೋದಲ್ಲಿ ಪಾಲು ಸಿಕ್ಕಿತೋ, ಅದೇ ವಾದ ಸಮಾರಂಭದ ಒಳಗಿರುವ ಸಣ್ಣ ಪ್ರಕಾರಗಳಿಗೆ ಅನ್ವಯವಾಗಲಿಲ್ಲ. ನೇರಪ್ರಸಾರದಲ್ಲಿ ಯಾವ ವಿಭಾಗ ಇರಬೇಕು ಎಂಬ ಪ್ರಶ್ನೆಗೆ, ಜನರಿಗೆ ಗೊತ್ತಿರುವುದು ಇರಲಿ ಎಂಬ ಹಳೆಯ ರೇಡಿಯೋದವರ ಉತ್ತರವೇ ಇಂದಿಗೂ ನಡೆಯುತ್ತಿದೆ.

ಇದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ತೋರಿಸಿಕೊಟ್ಟವರು ವ್ಯಾಂಕೂವರ್‌ನ ರಾಸ್ಕಲ್ಸ್ ಎಂಬ ಹಿಪ್‌ಹಾಪ್ ತಂಡದವರು. ಜೂನೋದಲ್ಲಿ ರ‍್ಯಾಪ್ ಸಂಗೀತಕ್ಕೆ ಪ್ರತ್ಯೇಕ ವಿಭಾಗ 1991ರಿಂದಲೇ ಇತ್ತು. ಮೊದಲ ವರ್ಷ ಅದು ಮಾಯೆಸ್ಟ್ರೋ ಫ್ರೆಶ್ ವೆಸ್ ಅವರಿಗೆ ಸಂದಿತ್ತು. ವಿಭಾಗ ಇದ್ದದ್ದೇನೋ ನಿಜ, ಆದರೆ ಪ್ರದಾನ ನಡೆಯುತ್ತಿದ್ದದ್ದು ಪ್ರಸಾರಕ್ಕೆ ಹೊರಗೆ. 1998ರಲ್ಲಿ ಸಮಾರಂಭ ವ್ಯಾಂಕೂವರ್‌ನಲ್ಲೇ, ಅಂದರೆ ಆ ತಂಡದ ಸ್ವಂತ ಊರಿನಲ್ಲೇ ನಡೆಯಿತು, ಆ ವರ್ಷದ ರ‍್ಯಾಪ್ ಪ್ರಶಸ್ತಿಯೂ ಅವರಿಗೇ ಬಂತು. ಅವರು ಅದನ್ನು ಸ್ವೀಕರಿಸಲಿಲ್ಲ. ಕಪ್ಪು ಜನರ ಸಂಗೀತವನ್ನು ನಿಜವಾಗಿ ಒಳಗೆ ಬಿಟ್ಟುಕೊಳ್ಳದೆ ಕೊಡುವ ಈ ಪ್ರಶಸ್ತಿ ಬರಿಯ ತೋರಿಕೆಯದು ಎಂಬುದು ಅವರ ನಿಲುವಿನ ಸಾರ. ಗಮನಿಸಬೇಕಾದ ಸಂಗತಿ ಎಂದರೆ, ತಮಗೆ ಅನ್ಯಾಯವಾಯಿತು, ಪ್ರಶಸ್ತಿ ತಪ್ಪಿತು ಎಂದು ಅವರು ಹೇಳುತ್ತಿರಲಿಲ್ಲ, ಗೆದ್ದವರೇ ಅವರು. ಗೆದ್ದದ್ದನ್ನು ಬೆಳಕಿನಲ್ಲಿ ಕೊಡಿ ಎಂಬುದಷ್ಟೇ ಅವರ ಬೇಡಿಕೆಯಾಗಿತ್ತು. ಮರುವರ್ಷ, 1999ರಲ್ಲಿ, ಹ್ಯಾಮಿಲ್ಟನ್ ನಗರದ ಸಮಾರಂಭದಲ್ಲಿ ರ‍್ಯಾಪ್ ಪ್ರಶಸ್ತಿ ಮುಖ್ಯ ಪ್ರಸಾರಕ್ಕೆ ಬಂತು. ವ್ಯಾಂಕೂವರ್ ಮತ್ತು ಟೊರೊಂಟೊದ ರ‍್ಯಾಪರ್‌ಗಳನ್ನು ಕೂಡಿಸಿಕೊಂಡು ರಾಸ್ಕಲ್ಸ್ ಮಾಡಿದ್ದ ಹಾಡು ಅಂದು ಅದೇ ವೇದಿಕೆಯ ಮೇಲೆ ಮೊಳಗಿತು, ಅದೇ ಹಾಡಿಗೆ ಪ್ರಶಸ್ತಿಯೂ ಬಂತು, ಈ ಸಲ ಅವರು ತೆಗೆದುಕೊಂಡರು. ಒಂದು ವರ್ಷದಲ್ಲಿ ಸಂಗೀತವೇನೂ ಬದಲಾಗಿರಲಿಲ್ಲ, ಕಾರ್ಯಕ್ರಮದ ಪಟ್ಟಿಯಲ್ಲಿ ಒಂದು ಸಾಲು ಮೇಲಕ್ಕೆ ಸರಿದಿತ್ತು ಅಷ್ಟೆ. ಆ ಸಾಲು ಮೇಲಕ್ಕೆ ಸರಿಯಲು ಒಂದು ತಂಡ ತನ್ನ ಪ್ರಶಸ್ತಿಯನ್ನು ಬಿಟ್ಟುಕೊಡಬೇಕಾಯಿತು ಎಂಬುದನ್ನು ಸಂಘಟಕರು ಇಂದು ತಮ್ಮ ಇತಿಹಾಸದ ಹೆಮ್ಮೆಯ ಅಧ್ಯಾಯವೆಂಬಂತೆ ಹೇಳಿಕೊಂಡರೆ ನನಗೆ ಸ್ವಲ್ಪ ಕಸಿವಿಸಿಯಾಗುತ್ತದೆ.

ಪ್ರಶಸ್ತಿಯನ್ನು ಹಿಂತಿರುಗಿಸಿದವರು ಅಲ್ಲಿ ಬೇರೆಯವರೂ ಇದ್ದಾರೆ. ಜನಪದ ಧಾಟಿಯ ಹಾಡುಗಾರ ಸ್ಟಾಂಪಿನ್ ಟಾಮ್ ಕಾನರ್ಸ್ 1978ರಲ್ಲಿ ತಮ್ಮ ಆರೂ ಜೂನೋಗಳನ್ನು ವಾಪಸು ಕಳುಹಿಸಿದರು. ಅಮೆರಿಕದಲ್ಲಿ ನೆಲೆಸಿ ಅಲ್ಲೇ ದುಡಿಯುವವರಿಗೆ ಕೆನಡಾದ ಪ್ರಶಸ್ತಿ ಏಕೆ ಎಂಬುದು ಅವರ ತಕರಾರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ವಾದವನ್ನು ಒಪ್ಪುವುದು ಕಷ್ಟ. ಕ್ವಿಬೆಕ್‌ನ ಫ್ರೆಂಚ್ ಸಂಗೀತಕ್ಕಂತೂ 1979ರಿಂದ ಫೆಲಿಕ್ಸ್ ಎಂಬ ತನ್ನದೇ ಪ್ರಶಸ್ತಿ, ತನ್ನದೇ ಟಿವಿ ಸಮಾರಂಭ ಇದೆ. 1990ರಲ್ಲಿ ಕ್ವಿಬೆಕ್‌ನ ಗಾಯಕಿ ಸೆಲೀನ್ ಡಿಯಾನ್ ಅದೇ ವೇದಿಕೆಯಲ್ಲಿ, ವರ್ಷದ ಇಂಗ್ಲಿಷ್ ಕಲಾವಿದೆ ಎಂಬ ಪ್ರಶಸ್ತಿಯನ್ನು, ತಾನು ಇಂಗ್ಲಿಷಿನವಳಲ್ಲ ಎಂದು ನಿರಾಕರಿಸಿದ್ದು ಬೇರೆಯೇ ಕತೆ. ಒಂದು ಸಮಾರಂಭ ಇಡೀ ದೇಶವನ್ನು ಪ್ರತಿನಿಧಿಸುತ್ತದೆ ಎಂಬ ಮಾತನ್ನು ಅಲ್ಲಿಯವರೇ ಪೂರ್ತಿ ನಂಬುವುದಿಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಹಿಂದಿನ ದಿನದ ಸಮಾರಂಭದಲ್ಲಿ ಏನು ನಡೆಯುತ್ತದೆ ಎಂಬುದಕ್ಕೆ 2019ರ ಒಂದು ಪ್ರಸಂಗವನ್ನು ಹೇಳಬೇಕು. ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಮೂಲನಿವಾಸಿ ಸಮುದಾಯದ ಜೆರೆಮಿ ಡಚರ್ ಆ ವರ್ಷ ಮೂಲನಿವಾಸಿ ಸಂಗೀತದ ಆಲ್ಬಂ ವಿಭಾಗದಲ್ಲಿ ಗೆದ್ದರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೇಣದ ಸಿಲಿಂಡರುಗಳ ಮೇಲೆ ಮುದ್ರಿಸಿಟ್ಟಿದ್ದ ತಮ್ಮ ಹಿರೀಕರ ದನಿಗಳನ್ನು ವಸ್ತುಸಂಗ್ರಹಾಲಯದಲ್ಲಿ ಕುಳಿತು ಕೇಳಿ, ಬರೆದುಕೊಂಡು, ಆ ಹಳೆಯ ದನಿಯೊಂದಿಗೆ ತಮ್ಮ ಪಿಯಾನೋ ಮತ್ತು ಹಾಡುಗಾರಿಕೆಯನ್ನು ಸೇರಿಸಿ ಮಾಡಿದ ಆಲ್ಬಂ ಅದು. ಹಾಡಿರುವ ವೊಲಸ್ತಕ್ವೇ ಭಾಷೆಯನ್ನು ಬಲ್ಲವರು ಈಗ ತೀರಾ ಕೆಲವೇ ಮಂದಿ. ಅಂಥ ಕೆಲಸ ಮಾಡಿದ ಮನುಷ್ಯ ಪ್ರಶಸ್ತಿ ಹಿಡಿದು ಮಾತನಾಡುತ್ತಿರುವಾಗಲೇ ಸಮಯ ಮುಗಿಯಿತೆಂದು ಹಿನ್ನೆಲೆ ಸಂಗೀತ ಶುರುವಾಗಿ ಮಾತು ಅರ್ಧಕ್ಕೇ ನಿಂತಿತು. ಆಮೇಲೆ ರಾಕ್ ಆಲ್ಬಂ ವಿಭಾಗದಲ್ಲಿ ಗೆದ್ದ ಆರ್ಕೆಲ್ಸ್ ತಂಡದವರು ತಮ್ಮ ಪಾಲಿನ ಸಮಯವನ್ನು ಡಚರ್ ಅವರಿಗೆ ಬಿಟ್ಟುಕೊಟ್ಟರು, ಅವರು ಮತ್ತೆ ವೇದಿಕೆಗೆ ಬಂದು ಮಾತು ಮುಗಿಸಿದರು. ಆರ್ಕೆಲ್ಸ್ ಮಾಡಿದ್ದು ದೊಡ್ಡತನವೇ ಸರಿ. ನನ್ನ ತಲೆ ತಿನ್ನುವುದು ಬೇರೆ ಪ್ರಶ್ನೆ. ಟಿವಿಯ ಜಾಹೀರಾತಿನ ಒತ್ತಡವಿಲ್ಲದ, ಪ್ರಸಾರದ ಗಡಿಯಾರವಿಲ್ಲದ ಸಂಜೆಯಲ್ಲೂ ಒಬ್ಬನ ಮಾತಿಗೆ ಜಾಗವಿಲ್ಲ ಎಂದರೆ, ಆ ಸಂಜೆ ಇರುವುದು ಯಾರಿಗಾಗಿ? ವಿಭಾಗಗಳು ಹೆಚ್ಚಿದಷ್ಟೂ ಒಬ್ಬೊಬ್ಬರಿಗೆ ಸಿಗುವ ನಿಮಿಷ ಕಡಿಮೆಯಾಗುತ್ತದೆ. ಎಲ್ಲರಿಗೂ ಕೊಟ್ಟೆವು ಎನ್ನುವ ಲೆಕ್ಕ ಮಾತ್ರ ಉಳಿಯುತ್ತದೆ.

ಟಿವಿಯವರ ಉತ್ತರ ಏನೆಂದು ಗೊತ್ತಿದೆ. ಎರಡು ಗಂಟೆಯ ಕಾರ್ಯಕ್ರಮದಲ್ಲಿ ನಲವತ್ತು ಪ್ರಶಸ್ತಿ ಕೊಡುತ್ತಾ ಕುಳಿತರೆ ನೋಡುವವರು ಯಾರು, ಜನ ಕೂರುವುದೇ ಹಾಡು ಕೇಳುವುದಕ್ಕೆ ಎನ್ನುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಪ್ರಶಸ್ತಿಗಿಂತ ವೇದಿಕೆಯೇ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎನ್ನುವುದಕ್ಕೆ 2011ರ ಸಮಾರಂಭವೇ ಸಾಕ್ಷಿ: ರ‍್ಯಾಪರ್ ಡ್ರೇಕ್ ಅಂದು ಟೊರೊಂಟೊದಲ್ಲಿ ಇಡೀ ಕಾರ್ಯಕ್ರಮವನ್ನು ನಿರೂಪಿಸಿದರು, ಆರು ನಾಮನಿರ್ದೇಶನಗಳಿದ್ದವು, ಒಂದೂ ಬರಲಿಲ್ಲ. ಅವರ ವೃತ್ತಿಗೆ ಅದರಿಂದ ಕೂದಲೂ ಕೊಂಕಲಿಲ್ಲ. ಆದರೆ ಈ ಉದಾಹರಣೆ ನನ್ನ ವಾದವನ್ನೇ ಗಟ್ಟಿಗೊಳಿಸುತ್ತದೆ. ಪ್ರಶಸ್ತಿ ಸಿಗದಿದ್ದರೂ ಪರದೆ ಸಿಕ್ಕವನಿಗೆ ನಷ್ಟವಿಲ್ಲ ಎಂದಾದರೆ, ಪ್ರಶಸ್ತಿ ಸಿಕ್ಕಿಯೂ ಪರದೆ ಸಿಗದವನ ಸ್ಥಿತಿ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ದಿನದ ಸಮಾರಂಭವನ್ನು ಅಂತರ್ಜಾಲದಲ್ಲಿ ಹಾಕುತ್ತೇವಲ್ಲ ಎಂಬ ಸಮಜಾಯಿಷಿಯೂ ಇದೆ. ಹುಡುಕಿಕೊಂಡು ಹೋಗುವವರು ಮೊದಲೇ ಬಲ್ಲವರು. ಜೆರೆಮಿ ಡಚರ್ ಹೆಸರನ್ನೇ ಕೇಳದ ಪ್ರೇಕ್ಷಕ ಅಲ್ಲಿಗೆ ಹೋಗುವುದಿಲ್ಲ, ಅವನ ಎದುರಿಗೆ ಅದು ತಾನಾಗಿ ಬರಬೇಕು.

ಈ ಪ್ರಶ್ನೆ ಈಗ ಮತ್ತೆ ಎದ್ದಿರುವುದು ದಕ್ಷಿಣ ಏಷ್ಯಾ ಸಂಗೀತದ ನೆಪದಲ್ಲಿ. 2023ರಲ್ಲಿ ಎಡ್ಮಂಟನ್‌ನಲ್ಲಿ ಎ.ಪಿ. ಧಿಲ್ಲೋನ್ ಜೂನೋ ವೇದಿಕೆಯ ಮೇಲೆ ಪಂಜಾಬಿಯಲ್ಲಿ ಹಾಡಿದರು. ಮರುವರ್ಷ ಹ್ಯಾಲಿಫ್ಯಾಕ್ಸ್‌ನಲ್ಲಿ ಪಂಜಾಬಿ ಗಾಯಕ ಕರಣ್ ಔಜ್ಲಾ ಅಭಿಮಾನಿಗಳ ಆಯ್ಕೆಯ ಪ್ರಶಸ್ತಿಯನ್ನು ಗೆದ್ದರು. ಅದಾದ ಮೇಲೆ, 2025ರಲ್ಲಿ, ದಕ್ಷಿಣ ಏಷ್ಯಾದ ಸಂಗೀತಕ್ಕೆಂದೇ ಒಂದು ವಿಭಾಗ ಬಂತು. ಸಂತೋಷದ ವಿಷಯವೇ. ಆದರೆ ಕ್ರಮವನ್ನು ನೋಡಿ: ಜನ ಮೊದಲು ಮುಖ್ಯ ಪ್ರಸಾರದಲ್ಲಿ ಪಂಜಾಬಿ ಹಾಡನ್ನು ಕೇಳಿದರು, ಅಭಿಮಾನಿಗಳು ಮತ ಹಾಕಿ ಎಲ್ಲರ ನಡುವೆ ಅದನ್ನು ಗೆಲ್ಲಿಸಿದರು, ಆಮೇಲೆ ಅದಕ್ಕೆ ಪ್ರತ್ಯೇಕ ವಿಭಾಗ ಕೊಟ್ಟರು. ಪ್ರತ್ಯೇಕ ವಿಭಾಗ ಎಂಬುದು ಮುಖ್ಯ ಪಂಕ್ತಿಯಿಂದ ಎಬ್ಬಿಸಿ ಒಳಕೋಣೆಯಲ್ಲಿ ಎಲೆ ಹಾಕಿದಂತೆ ಆಗಬಾರದು. ರ‍್ಯಾಪ್‌ಗೂ ವಿಭಾಗವಿತ್ತು, 1998ರವರೆಗೆ ಆದದ್ದೇನೆಂದು ಮೇಲೆಯೇ ಹೇಳಿದ್ದೇನೆ.

ನನ್ನ ಸಲಹೆ ಕ್ರಾಂತಿಕಾರಿಯೇನಲ್ಲ. ತಾರೆಯರು ಜೋಡಿಜೋಡಿಯಾಗಿ ಬಂದು ಬಾಯಿಪಾಠದ ಹಾಸ್ಯ ಒಪ್ಪಿಸುವ ಭಾಗವನ್ನು ಕತ್ತರಿಸಿದರೆ ಪ್ರಸಾರದಲ್ಲಿ ಮೂರು ಪ್ರಶಸ್ತಿಗಳಿಗೆ ಧಾರಾಳವಾಗಿ ಜಾಗವಾಗುತ್ತದೆ. ಆ ಮೂರನ್ನು ಹಿಂದಿನ ದಿನದ ಪಟ್ಟಿಯಿಂದ ಸರದಿಯ ಮೇಲೆ ತರಲಿ: ಒಂದು ವರ್ಷ ರೆಗ್ಗೇ, ಜಾಝ್ ಮತ್ತು ಮಕ್ಕಳ ಸಂಗೀತ, ಇನ್ನೊಂದು ವರ್ಷ ಮೂಲನಿವಾಸಿಗಳ ಸಂಗೀತ, ದಕ್ಷಿಣ ಏಷ್ಯಾ ಮತ್ತು ಶಾಸ್ತ್ರೀಯ. ಸರದಿಯನ್ನು ಪ್ರಾಯೋಜಕರು ತೀರ್ಮಾನಿಸದೆ ಅಕಾಡೆಮಿ ಮೊದಲೇ ಪ್ರಕಟಿಸಲಿ, ಗೆದ್ದವರು ಬರಿಯ ಧನ್ಯವಾದ ಹೇಳಿ ಇಳಿಯದೆ ಒಂದು ಹಾಡಿನ ಪಲ್ಲವಿಯನ್ನಾದರೂ ಹಾಡುವಂತಾಗಲಿ. ಸಮಾರಂಭ 2002ರಲ್ಲಿ ಸೇಂಟ್ ಜಾನ್ಸ್‌ಗೆ ಹೋದಾಗ, ದೇಶದ ಆ ಪೂರ್ವದ ತುದಿಗೆ ಅಷ್ಟು ದೊಡ್ಡ ಕಾರ್ಯಕ್ರಮವನ್ನು ಒಯ್ಯುವುದೇ ದೊಡ್ಡ ಸಾಹಸವಾಗಿತ್ತು. ಆಮೇಲೆ ಊರೂರು ಸುತ್ತುವುದೇ ಅದರ ರೂಢಿಯಾಯಿತು. ಊರುಗಳಿಗೆ ಸರದಿ ಹಾಕಿಕೊಟ್ಟವರಿಗೆ ಸಂಗೀತಪ್ರಕಾರಗಳಿಗೆ ಸರದಿ ಹಾಕುವುದು ಕಷ್ಟದ ಕೆಲಸವೇನಲ್ಲ.