ಬೆಳಕು ಕಂಡರೆ ಕಿಟಕಿಗೆ ಓಡಬೇಡಿ

2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನವರಿಗೆ ನೆನಪಿರಬೇಕು. ಢಂ ಅಂತ ಸದ್ದು, ಕಿಟಕಿಗಳೆಲ್ಲ ಗಡಗಡ. ನಾನು ಮಾಡಿದ ಮೊದಲ ಕೆಲಸ ಕಿಟಕಿಗೆ ಓಡಿದ್ದು. ಎದುರು ಮನೆಯವರೂ ಬಾಲ್ಕನಿಗೆ ಬಂದಿದ್ದರು. ವಾಯುಪಡೆಯ ವಿಮಾನ ಶಬ್ದದ ವೇಗ ದಾಟಿತ್ತು ಅಂತ ಆಮೇಲೆ ಗೊತ್ತಾಯಿತು.

ಅಣುಬಾಂಬ್ ಬಿದ್ದರೆ ಮೇಜಿನಡಿ ಅವಿತುಕೊಳ್ಳಿ ಅಂತ 1950ರ ದಶಕದಲ್ಲಿ ಅಮೆರಿಕದ ಶಾಲೆಗಳಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದರು. ನಾನೂ ಅದಕ್ಕೆ ನಕ್ಕವನೇ. ಬಾಂಬಿಗೆ ಮರದ ಮೇಜು ಅಡ್ಡವೇ? ಬುಡದಲ್ಲೇ ಇದ್ದವರಿಗೆ ಏನೂ ಉಪಯೋಗವಿಲ್ಲ, ಒಪ್ಪಿದೆ. ಆದರೆ ದೂರದಲ್ಲಿದ್ದವರ ಲೆಕ್ಕವೇ ಬೇರೆ.

ಆ ಲೆಕ್ಕ ಹಾಕಿದ್ದು ಹೇಗೆ ಗೊತ್ತಾ? 1955ರಲ್ಲಿ ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ಅಣುಪರೀಕ್ಷೆಗೆಂದೇ ಮನೆಗಳನ್ನು ಕಟ್ಟಿದ್ದರು. ಲವ್‌ಲೇಸ್ ಎಂಬ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಕ್ಲೇಟನ್ ವೈಟ್, ಜೆರಾಲ್ಡ್ ಬೋವೆನ್ ಮತ್ತು ಜೊತೆಯವರು ಕಿಟಕಿಗಳ ಎದುರು ಥರ್ಮೋಕೋಲ್‌ನಂಥ ದಪ್ಪ ಹಲಗೆ ನಿಲ್ಲಿಸಿದರು. ಸ್ಫೋಟವಾದ ಮೇಲೆ ಅದರಲ್ಲಿ ನಾಟಿದ್ದ ಗಾಜಿನ ಚೂರುಗಳನ್ನು ಕಿತ್ತು ತೂಗಿದರು, ಎಷ್ಟು ಆಳ ಹೊಕ್ಕಿವೆ ಅಂತ ಅಳೆದರು. ಅಂಥದ್ದೇ ಚೂರುಗಳನ್ನು ಲ್ಯಾಬಿನಲ್ಲಿ ಗಾಳಿಯ ಬಂದೂಕಿನಿಂದ ಅದೇ ಹಲಗೆಗೆ ಹೊಡೆದು ನೋಡಿದ್ದರು. ಹಾಗಾಗಿ ಆಳ ನೋಡಿದರೆ ವೇಗ ತಿಳಿಯುತ್ತಿತ್ತು. ಎಂಥ ತಾಳ್ಮೆ!

ತೂಕ ಕಡಿಮೆಯಿದ್ದು ಗಾಳಿಗೆ ಸಿಗುವ ಮೈ ಅಗಲವಿದ್ದಷ್ಟೂ ವಸ್ತು ಬೇಗ ವೇಗ ಹಿಡಿಯುತ್ತದೆ. ಕಿಟಕಿ ಗಾಜು ಸರಿಯಾಗಿ ಅಂಥದ್ದೇ. ಬಾಂಬ್ ದೊಡ್ಡದಾದರೆ ಗಾಳಿ ಜಾಸ್ತಿ ಹೊತ್ತು ನೂಕುತ್ತದೆ, ಆಗ ಕಲ್ಲಿಗೂ ಮನುಷ್ಯರಿಗೂ ಅದೇ ಗತಿ.

ಮನೆ ಕುಸಿಯಲು ಸುಮಾರು 5 ಪಿಎಸ್‌ಐ (ಒಂದು ಚದರ ಅಂಗುಲಕ್ಕೆ ಇಷ್ಟು ಪೌಂಡ್ ಅನ್ನುವ ಅಳತೆ) ಒತ್ತಡ ಬೇಕು, ಗಾಜಿಗೆ 1 ಸಾಕು. ಅಂದರೆ ಮನೆ ನಿಂತೇ ಇರುತ್ತದೆ, ಗಾಜು ಮಾತ್ರ ಒಳಗೆ ಹಾರಿ ಬರುತ್ತದೆ, ಅಂಥ ಜಾಗವೇ ಜಾಸ್ತಿ. ಅಲ್ಲಿ ಬೆಳಕು ಮೊದಲು, ಹೊಡೆತ ಆಮೇಲೆ. 4 ಕಿಲೋಮೀಟರ್ ದೂರಕ್ಕೆ ಹತ್ತು ಸೆಕೆಂಡು ಹಿಡಿಯುತ್ತದೆ. ಆ ಹತ್ತು ಸೆಕೆಂಡಿನಲ್ಲಿ ನಾವು ಏನು ಮಾಡುತ್ತೇವೆ? ಏನದು ಅಂತ ನೋಡಲು ಕಿಟಕಿಗೆ ಹೋಗುತ್ತೇವೆ, ಅಲ್ವಾ? 1917ರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಮದ್ದುಗುಂಡು ತುಂಬಿದ ಹಡಗು ಉರಿಯುವುದನ್ನು ಜನ ಹೀಗೇ ನೋಡುತ್ತಿದ್ದರು. ಹಡಗು ಸಿಡಿದಾಗ ನೂರಾರು ಜನರ ಕಣ್ಣಿಗೆ ಗಾಜು ಹೊಕ್ಕಿತು.

2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್‌ನಲ್ಲಿ ಬಾಂಬಲ್ಲ, ಉಲ್ಕೆ ಸಿಡಿಯಿತು. ಬೆಳಕಿಗೂ ಹೊಡೆತಕ್ಕೂ ನಡುವೆ ಎರಡು ನಿಮಿಷಕ್ಕಿಂತ ಜಾಸ್ತಿ ಹೊತ್ತಿತ್ತು. ಆದರೂ ಗಾಯಗೊಂಡವರು ಸುಮಾರು 1,500 ಜನ, ಹೆಚ್ಚಿನವರಿಗೆ ಗಾಜಿನಿಂದ. ಒಬ್ಬ ಟೀಚರ್ ಮಾತ್ರ ತಮ್ಮ ನಾಲ್ಕನೇ ಕ್ಲಾಸಿನ 44 ಮಕ್ಕಳನ್ನು ಮೇಜಿನಡಿ ಕೂರಿಸಿದರು. ಮಕ್ಕಳಿಗೆ ಒಂದು ಗೀರೂ ಬೀಳಲಿಲ್ಲ. ನಿಂತೇ ಇದ್ದ ಟೀಚರ್ ತೋಳಿಗೆ ಗಾಜು ಬಡಿದು ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ತುಂಡಾಯಿತು.