ಸ್ಪಷ್ಟನೆ: ಬಳ್ಳಾರಿ ಕಾರುಗಳ ‘ಆರ್‌ಟಿಒ ಅಂಕಿಅಂಶ’ ನಿಜವಲ್ಲ

“ಬಿಳಿ ಫಾರ್ಚೂನರ್ ಎಂದರೆ ಗಣಿ ಧಣಿ, ಬೊಲೆರೊ ಎಂದರೆ ಗುತ್ತಿಗೆದಾರ, ಆಲ್ಟೊ ಎಂದರೆ ಮೇಷ್ಟರು, ಇದು ಬಳ್ಳಾರಿ ಆರ್‌ಟಿಒ ಅಂಕಿಅಂಶ” ಎಂಬ ಸಂದೇಶ ನಾಲ್ಕು ದಿನಗಳಿಂದ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ನಾನೂ ನಕ್ಕು ಎರಡು ಗುಂಪುಗಳಿಗೆ ಕಳುಹಿಸಿದ್ದೆ. ಅದು ನನ್ನ ತಪ್ಪು.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ‘ವಾಹನ್’ ಜಾಲತಾಣವನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಬಳ್ಳಾರಿ (ಕೆಎ 34), ರಾಯಚೂರು (ಕೆಎ 36), ಕೊಪ್ಪಳ (ಕೆಎ 37) ಹೀಗೆ ಕಚೇರಿವಾರು ಎಷ್ಟು ವಾಹನ, ಯಾವ ಕಂಪನಿ, ಯಾವ ಇಂಧನ ಎಂಬುದು ಅಲ್ಲಿ ಸಿಗುತ್ತದೆ. ಮಾಲೀಕರ ಉದ್ಯೋಗದ ಪಟ್ಟಿ ಅಲ್ಲಿಲ್ಲ. ಸ್ವಭಾವದ್ದಂತೂ ದೂರದ ಮಾತು.

ಗಣಿ ಧಣಿಯ ಚಿತ್ರ ಹಳೆಯ ಅದಿರು ಭರಾಟೆಯ ಕಾಲದ್ದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಅದಿರು ಗಣಿಗಾರಿಕೆಗೆ ತಡೆ ನೀಡಿತು. ಮುಂದೆ ಷರತ್ತುಗಳೊಂದಿಗೆ ಅದು ಮತ್ತೆ ಆರಂಭವಾಯಿತು. ಆದರೆ ಆ ಚಿತ್ರ ಮಾತ್ರ ಬದಲಾಗಲೇ ಇಲ್ಲ. ದೊಡ್ಡ ಕಾರುಗಳೂ ಕೈ ಬದಲಿಸುತ್ತವೆ. ನಮ್ಮ ಬೀದಿಯ ಬಿಳಿ ಫಾರ್ಚೂನರ್ ಈಗ ಮೆಣಸಿನಕಾಯಿ ಬೆಳೆಯುವ ರೈತರೊಬ್ಬರ ಬಳಿ ಇದೆ, ಅವರು ಮೂರನೆಯ ಮಾಲೀಕರು. ಬಿಳಿ ಬಣ್ಣವೇಕೆ ಎಂದು ಕೇಳಿದರೆ ಮೇ ತಿಂಗಳ ಬಿಸಿಲನ್ನು ತೋರಿಸುತ್ತಾರೆ. ಬಿಳಿ ಕಾರು ಕಪ್ಪು ಕಾರಿನಷ್ಟು ಕಾಯುವುದಿಲ್ಲ, ಸರಿಯಾದ ಕಾರಣವೇ.

(ಆಲ್ಟೊ ಓಡಿಸುವ ನಾನು ಮೇಷ್ಟರೂ ಅಲ್ಲ.)

ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ. ನನ್ನ ಎರಡು ಗುಂಪುಗಳಿಗೆ ಇಂದು ಬೆಳಿಗ್ಗೆಯೇ ಹಾಕಿದ್ದೇನೆ.